ಪ್ರೊಸೆಸರ್‌ಗೆ ತಕ್ಕ ಕಂಪೈಲರ್ ಫ್ಲ್ಯಾಗ್ ಹಾಕುವುದು ಹೇಗೆ? ಟೆಸೆರಾಕ್ಟ್ ಬಿಲ್ಡ್ ಮಾಡುತ್ತಾ ಕಲಿಯೋಣ

ಊರಿನ ಒಂದು ಲೈಬ್ರರಿಯ ಹಳೆ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಪಠ್ಯಕ್ಕಿಳಿಸುವ ಕೆಲಸ ಹಿಡಿದಿದ್ದೆವು. ಮನೆಯ ಡೆಸ್ಕ್‌ಟಾಪ್‌ನಲ್ಲಿ ನಾನು ಟೆಸೆರಾಕ್ಟ್ ಓಸಿಆರ್ (ಚಿತ್ರದಲ್ಲಿರುವ ಅಕ್ಷರ ಗುರುತಿಸಿ ಪಠ್ಯ ಮಾಡುವ ಪ್ರೋಗ್ರಾಂ) ಅನ್ನು ಸೋರ್ಸ್‌ನಿಂದ, ಅಂದರೆ ಮೂಲ ಕೋಡ್‌ನಿಂದ, ಬಿಲ್ಡ್ ಮಾಡಿ, ಪೆನ್‌ಡ್ರೈವ್‌ನಲ್ಲಿ ಒಯ್ದು ಲೈಬ್ರರಿಯ ಲ್ಯಾಪ್‌ಟಾಪ್‌ಗೆ ಹಾಕಿದೆ. ಎರಡರಲ್ಲೂ ಒಂದೇ ಲಿನಕ್ಸ್, ಒಂದೇ ಆವೃತ್ತಿ. ಆದರೂ ಮೊದಲ ಪುಟ ಕೊಟ್ಟ ಕೂಡಲೇ ಒಂದೇ ಒಂದು ಸಾಲು ಬಂದು ಪ್ರೋಗ್ರಾಂ ಸತ್ತಿತು: ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’, ಅಂದರೆ ಚಿಪ್‌ಗೆ ಗೊತ್ತಿಲ್ಲದ ಆದೇಶ. ಆವೃತ್ತಿ ಎಷ್ಟು ಅಂತ ಕೇಳಿದರೂ ಅದೇ ಸಾಲು.

ತಪ್ಪು ಟೆಸೆರಾಕ್ಟ್‌ದಲ್ಲ. ಡೆಸ್ಕ್‌ಟಾಪ್‌ನಲ್ಲಿ ಝೆನ್ 3 ಪೀಳಿಗೆಯ ರೈಜನ್ ಚಿಪ್ ಇತ್ತು. ಲ್ಯಾಪ್‌ಟಾಪ್‌ನಲ್ಲಿದ್ದದ್ದು ಸ್ಕೈಲೇಕ್ ಪೀಳಿಗೆಯ ಪೆಂಟಿಯಂ. ನಾನು ‘ಈ ಮಷೀನ್‌ಗೆ ತಕ್ಕ ಹಾಗೆ ಕಂಪೈಲ್ ಮಾಡು’ ಅನ್ನುವ ಫ್ಲ್ಯಾಗ್ (ಕಂಪೈಲರ್‌ಗೆ ಕೊಡುವ ಸೂಚನೆ) ಹಾಕಿದ್ದೆ. ಸೋರ್ಸನ್ನು ಚಿಪ್ ಓಡಿಸಬಲ್ಲ ಕೋಡ್ ಆಗಿ ಬದಲಿಸುವ ಪ್ರೋಗ್ರಾಂ, ಅಂದರೆ ಕಂಪೈಲರ್, ಹೇಳಿದಂತೆಯೇ ಮಾಡಿತ್ತು. ಅಲ್ಲಿಂದ ಮುಂದೆ ಯಾವ ಫ್ಲ್ಯಾಗ್ ಮುಟ್ಟುವ ಮೊದಲೂ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಇದು ಎಲ್ಲಿ ಓಡಬೇಕು? ಬಿಲ್ಡ್ ಆಗುವ ಜಾಗ ಮುಖ್ಯವಲ್ಲ, ಓಡುವ ಜಾಗ ಮುಖ್ಯ.

ಒಂದು ಮಾತು. ಇಲ್ಲಿ ಆದೇಶಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ‘-ಮಾರ್ಚ್’ ಅಂದರೆ ಎಂ, ಎ, ಆರ್, ಸಿ, ಎಚ್. ತಿಂಗಳ ಹೆಸರಿನ ಸ್ಪೆಲಿಂಗೇ. ‘-ಓ2’ರಲ್ಲಿ ಇರುವುದು ದೊಡ್ಡ ಓ ಅಕ್ಷರ, ಸೊನ್ನೆ ಅಲ್ಲ.

## ಫ್ಲ್ಯಾಗ್ ನಿಜವಾಗಿ ಮಾಡುವುದೇನು

64 ಬಿಟ್‌ನ ಎಕ್ಸ್86 ಚಿಪ್‌ಗಳು (ಇಂಟೆಲ್, ಎಎಂಡಿ ಮಾಡುವ ಥರದವು) 2003ರಲ್ಲಿ ಎಎಂಡಿಯ ಆಪ್ಟೆರಾನ್ ಜೊತೆ ಬಂದವು. ಏನೂ ಹೇಳದಿದ್ದರೆ ಜಿಸಿಸಿ (ನಾವಿಲ್ಲಿ ಬಳಸುವ ಕಂಪೈಲರ್) ಸಾಮಾನ್ಯವಾಗಿ ಆ ಕಾಲದ ಚಿಪ್‌ನಲ್ಲೂ ಓಡುವ ಕೋಡ್ ಬರೆಯುತ್ತದೆ. ಆಮೇಲೆ ಬಂದ ಎಸ್‌ಎಸ್‌ಇ4, ಎವಿಎಕ್ಸ್, ಎವಿಎಕ್ಸ್2, ಎಫ್‌ಎಂಎ ಇಂಥ ಹೊಸ ಇನ್‌ಸ್ಟ್ರಕ್ಷನ್ ಗುಂಪುಗಳನ್ನು ಅದು ಮುಟ್ಟುವುದೇ ಇಲ್ಲ. ನಿಮ್ಮ ಚಿಪ್‌ನಲ್ಲಿ ಅವೆಲ್ಲ ಇದ್ದರೂ ಸುಮ್ನೆ ಕೂತಿರುತ್ತವೆ.

ಇಲ್ಲಿ ಎರಡು ಫ್ಲ್ಯಾಗ್‌ಗಳ ವ್ಯತ್ಯಾಸ ಗಟ್ಟಿಯಾಗಿ ತಿಳಿದಿರಬೇಕು.

‘-ಮಾರ್ಚ್’ ಅನುಮತಿ ಕೊಡುತ್ತದೆ. ‘ಈ ಚಿಪ್‌ನಲ್ಲಿರುವ ಯಾವ ಇನ್‌ಸ್ಟ್ರಕ್ಷನ್ ಬೇಕಾದರೂ ಬಳಸು’ ಅಂತ. ಬೇರೆ ಚಿಪ್‌ನಲ್ಲಿ ಅದು ಇಲ್ಲದಿದ್ದರೆ ಪ್ರೋಗ್ರಾಂ ಸಾಯುತ್ತದೆ.

‘-ಎಂಟ್ಯೂನ್’ ಅನುಮತಿ ಕೊಡುವುದಿಲ್ಲ. ಇರುವ ಇನ್‌ಸ್ಟ್ರಕ್ಷನ್‌ಗಳಲ್ಲೇ ಯಾವುದನ್ನು ಆರಿಸಿದರೆ, ಯಾವ ಕ್ರಮದಲ್ಲಿ ಜೋಡಿಸಿದರೆ ಆ ಚಿಪ್‌ಗೆ ಹಗುರ ಅಂತ ನೋಡುತ್ತದೆ, ಅಷ್ಟೇ. ತಪ್ಪು ಚಿಪ್‌ನ ಹೆಸರು ಕೊಟ್ಟರೆ ಸ್ವಲ್ಪ ನಿಧಾನ ಆಗಬಹುದು, ಆದರೆ ಓಡುತ್ತದೆ. ಎಕ್ಸ್86ರಲ್ಲಿ ‘-ಮಾರ್ಚ್’ಗೆ ಚಿಪ್‌ನ ಹೆಸರು ಕೊಟ್ಟರೆ ‘-ಎಂಟ್ಯೂನ್’ ಕೂಡ ತಾನಾಗಿಯೇ ಅದಕ್ಕೆ ಹೊಂದಿಕೊಳ್ಳುತ್ತದೆ, ಬೇರೆ ಬರೆಯಬೇಕಿಲ್ಲ.

## ಮೊದಲು ಚಿಪ್ ಏನು ಅಂತ ನೋಡಿ

ಪ್ರೋಗ್ರಾಂ ಓಡಬೇಕಾದ ಮಷೀನ್‌ನಲ್ಲಿ ಕೂತು ಇದನ್ನು ಕೊಡಿ:

`ಎಲ್‌ಎಸ್‌ಸಿಪಿಯು`

ಮಾಡೆಲ್ ಹೆಸರು, ಕೋರ್‌ಗಳು, ಜೊತೆಗೆ ಉದ್ದನೆಯ ಫ್ಲ್ಯಾಗ್ಸ್ ಸಾಲು (ಇಲ್ಲಿ ಇದು ಚಿಪ್‌ನಲ್ಲಿ ಏನೇನಿದೆ ಅನ್ನುವ ಪಟ್ಟಿ) ಬರುತ್ತದೆ. ಆ ಸಾಲಿನಲ್ಲಿ ಎವಿಎಕ್ಸ್2 ಇದೆಯಾ, ಎಫ್‌ಎಂಎ ಇದೆಯಾ ಹುಡುಕಿ. ಪೆಟ್ಟಿಗೆ ಮೇಲಿನ ಪೀಳಿಗೆಯ ಹೆಸರನ್ನು ಮಾತ್ರ ನಂಬಬೇಡಿ. ನಾನು ಎಡವಿದ ಆ ಲ್ಯಾಪ್‌ಟಾಪ್‌ನ ಕಥೆಯೇ ಇದು. ಸ್ಕೈಲೇಕ್ ಅಂದ ಕೂಡಲೇ ಎವಿಎಕ್ಸ್2 ಇದ್ದೇ ಇರುತ್ತದೆ ಅಂತ ನಮಗೆ ಅನಿಸುತ್ತದೆ, ಅಲ್ವಾ? ಕೋರ್ ಐ3, ಐ5, ಐ7ಗಳಲ್ಲಿ ಇದೆ. ಅದೇ ಪೀಳಿಗೆಯ ಪೆಂಟಿಯಂ, ಸೆಲೆರಾನ್‌ಗಳಲ್ಲಿ ಎವಿಎಕ್ಸ್ ಕೂಡ ಇಲ್ಲ. ಅದಕ್ಕೂ ಹಿಂದಿನ ಹ್ಯಾಸ್‌ವೆಲ್ ಪೀಳಿಗೆಯಲ್ಲೂ ಹೀಗೇ ಇತ್ತು.

ವರ್ಚುವಲ್ ಮಷೀನ್ ಒಳಗಿದ್ದರೆ ಇನ್ನೊಂದು ವಿಷಯ. ಕೆಳಗಿನ ಚಿಪ್‌ನಲ್ಲಿರುವುದನ್ನೆಲ್ಲ ಹೈಪರ್‌ವೈಸರ್ (ವರ್ಚುವಲ್ ಮಷೀನ್ ನಡೆಸುವ ಸಾಫ್ಟ್‌ವೇರ್) ಒಳಗೆ ತೋರಿಸಲೇಬೇಕು ಅಂತೇನಿಲ್ಲ. ಒಳಗಿನಿಂದ ಎಲ್‌ಎಸ್‌ಸಿಪಿಯು ಏನು ಹೇಳುತ್ತದೋ ಅದೇ ಲೆಕ್ಕ.

ಈಗ ಹಂತ. 2020ರಲ್ಲಿ ಎಎಂಡಿ, ಇಂಟೆಲ್, ರೆಡ್ ಹ್ಯಾಟ್, ಸೂಸೆ ಸೇರಿ ಎಕ್ಸ್86-64 ಚಿಪ್‌ಗಳನ್ನು ಹಂತಗಳಾಗಿ ವಿಂಗಡಿಸಿದವು. ವಿ2 ಅಂದರೆ ಎಸ್‌ಎಸ್‌ಇ4.2 ಮತ್ತು ಪಾಪ್‌ಕೌಂಟ್‌ವರೆಗೆ. ವಿ3 ಅಂದರೆ ಎವಿಎಕ್ಸ್2, ಎಫ್‌ಎಂಎ, ಬಿಎಂಐ ಸೇರಿದ್ದು. 2013ರ ಹ್ಯಾಸ್‌ವೆಲ್ ಕೋರ್ ಚಿಪ್‌ಗಳು, ಎಎಂಡಿಯ ಎಲ್ಲ ಝೆನ್ ಚಿಪ್‌ಗಳು ಇಲ್ಲಿಗೆ ಬರುತ್ತವೆ. ವಿ4 ಅಂದರೆ ಎವಿಎಕ್ಸ್-512ರ ಒಂದು ಗುಂಪು. ಇದು ಕೇವಲ ಕಾಗದದ ವಿಂಗಡಣೆ ಅಲ್ಲ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9ಕ್ಕೆ ಕನಿಷ್ಠ ವಿ2 ಬೇಕು, 10ಕ್ಕೆ ವಿ3 ಬೇಕು.

ನಿಮ್ಮ ಮಷೀನ್ ಯಾವ ಹಂತದ್ದು ಅಂತ ಪ್ರೋಗ್ರಾಂಗಳನ್ನು ಶುರು ಮಾಡಿಸುವ ಸಿಸ್ಟಂನ ಲೋಡರ್ ಅನ್ನೇ ಕೇಳಬಹುದು (ಸಿಸ್ಟಂನ ಸಿ ಲೈಬ್ರರಿ ಜಿಲಿಬ್‌ಸಿ 2.33 ಅಥವಾ ಅದಕ್ಕಿಂತ ಹೊಸದಿರಬೇಕು):

`/ಲಿಬ್64/ಎಲ್‌ಡಿ-ಲಿನಕ್ಸ್-ಎಕ್ಸ್86-64.ಎಸ್‌ಒ.2 --ಹೆಲ್ಪ್`

ಕೊನೆಯ ಸಾಲುಗಳಲ್ಲಿ ಒಂದೊಂದು ಹಂತದ ಹೆಸರಿರುತ್ತದೆ. ‘ಸಪೋರ್ಟೆಡ್’ ಅಂತ ಎಲ್ಲಿವರೆಗೆ ಬರೆದಿದೆಯೋ ಅಲ್ಲಿವರೆಗೆ ನಿಮ್ಮದು. ಆ ಲೈಬ್ರರಿ ಲ್ಯಾಪ್‌ಟಾಪ್‌ನಲ್ಲಿ ವಿ2ರ ಎದುರು ಮಾತ್ರ ಅದು ಇತ್ತು.

## ಆಮೇಲೆ ಕಂಪೈಲರ್‌ಗೆ ಏನು ಗೊತ್ತಿದೆ ಅಂತ ಕೇಳಿ

`ಜಿಸಿಸಿ -ಮಾರ್ಚ್=ನೇಟಿವ್ -ಕ್ಯೂ --ಹೆಲ್ಪ್=ಟಾರ್ಗೆಟ್ | ಲೆಸ್`

ಕ್ಯೂ ದೊಡ್ಡ ಅಕ್ಷರ. ‘ನೇಟಿವ್’ ಅಂದರೆ ಈ ಮಷೀನ್‌ನ ಚಿಪ್ ಅನ್ನು ನೀನೇ ನೋಡಿಕೋ ಅಂತ. ಮೇಲಿನ ಆದೇಶ ಆ ‘ನೇಟಿವ್’ ಯಾವುದಾಗಿ ಬದಲಾಗುತ್ತದೆ ಅಂತ ತೋರಿಸುತ್ತದೆ. ‘-ಮಾರ್ಚ್=’ ಎದುರಿನ ಹೆಸರು ನೋಡಿ ನಿಲ್ಲಿಸಬೇಡಿ, ಕೆಳಗೂ ಓದಿ. ನನ್ನ ಆ ಪೆಂಟಿಯಂನಲ್ಲಿ ಹೆಸರಿನ ಜಾಗದಲ್ಲಿ ‘ಸ್ಕೈಲೇಕ್’ ಅಂತಲೇ ಇತ್ತು, ಆದರೆ ‘-ಎಂಎವಿಎಕ್ಸ್’ ಎದುರು ‘ಡಿಸೇಬಲ್ಡ್’ ಅಂತಿತ್ತು. ಅಂದರೆ ಅದೇ ಲ್ಯಾಪ್‌ಟಾಪ್‌ನಲ್ಲಿ ಕೂತು ‘ನೇಟಿವ್’ ಅಂತ ಕೊಟ್ಟರೆ ಜಿಸಿಸಿ ಎವಿಎಕ್ಸ್ ಬಿಟ್ಟು ಸರಿಯಾಗಿ ಬಿಲ್ಡ್ ಮಾಡುತ್ತದೆ. ನೀವು ಜಾಣತನದಿಂದ ‘-ಮಾರ್ಚ್=ಸ್ಕೈಲೇಕ್’ ಅಂತ ಕೈಯಿಂದ ಬರೆದರೆ ಎವಿಎಕ್ಸ್2 ಸೇರಿಸಿ ಕೆಡಿಸುತ್ತದೆ. ಈ ಒಂದು ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಸಂಜೆಗಳು ಹಾಳಾಗುತ್ತವೆ.

ಕಂಪೈಲರ್ ಹಳೆಯದಾಗಿದ್ದರೆ ಹೊಸ ಚಿಪ್‌ನ ಹೆಸರು ಅದಕ್ಕೆ ಗೊತ್ತಿರುವುದಿಲ್ಲ. ಜಿಸಿಸಿ 11ಕ್ಕೆ ಝೆನ್ 4 ಗೊತ್ತಿಲ್ಲ. ತನಗೆ ಗೊತ್ತಿರುವ ಹತ್ತಿರದ್ದನ್ನು ಅದು ಆರಿಸಿಕೊಳ್ಳುತ್ತದೆ. ವಿ2, ವಿ3 ಅನ್ನುವ ಹೆಸರುಗಳು ಜಿಸಿಸಿ 11 ಮತ್ತು (ಇನ್ನೊಂದು ಕಂಪೈಲರ್ ಆದ) ಕ್ಲ್ಯಾಂಗ್ 12ರಿಂದ ಮುಂದೆ ಮಾತ್ರ ನಡೆಯುತ್ತವೆ.

## ಯಾವುದನ್ನು ಆರಿಸಬೇಕು

ಬಿಲ್ಡ್ ಆಗುವುದೂ ಓಡುವುದೂ ಒಂದೇ ಮಷೀನ್‌ನಲ್ಲಾದರೆ `-ಮಾರ್ಚ್=ನೇಟಿವ್`. ಯೋಚನೆ ಬೇಡ.

ನಾಲ್ಕಾರು ಮಷೀನ್‌ಗಳಿಗೆ ಹಂಚುವುದಾದರೆ, ಅವುಗಳಲ್ಲಿ ಎಲ್ಲಕ್ಕಿಂತ ಕೆಳಗಿನ ಹಂತ ಯಾವುದೋ ಅದು. ಎಲ್ಲವೂ ವಿ3 ಆದರೆ `-ಮಾರ್ಚ್=ಎಕ್ಸ್86-64-ವಿ3`. ಆ ಲ್ಯಾಪ್‌ಟಾಪ್‌ನಂಥ ಒಂದೇ ಒಂದು ಪೆಂಟಿಯಂ ಇದ್ದರೂ ವಿ2.

ಯಾರು ಎಲ್ಲಿ ಓಡಿಸುತ್ತಾರೋ ಗೊತ್ತಿಲ್ಲದಿದ್ದರೆ ‘-ಮಾರ್ಚ್’ ಹಾಕಲೇಬೇಡಿ.

ಕಾಲೇಜು, ಸಂಶೋಧನಾಲಯಗಳ ಕ್ಲಸ್ಟರ್‌ಗಳಲ್ಲಿ (ಒಟ್ಟಿಗೆ ಜೋಡಿಸಿದ ಹಲವು ಮಷೀನ್‌ಗಳು, ಒಂದೊಂದೂ ಒಂದು ನೋಡ್) ಕೆಲಸ ಮಾಡುವವರು ಇನ್ನೂ ಒಂದು ಹೆಜ್ಜೆ ನೋಡಬೇಕು. ಲಾಗಿನ್ ಮಾಡುವ ನೋಡ್‌ನ ಚಿಪ್ ಬೇರೆ, ಕೆಲಸ ಓಡುವ ನೋಡ್‌ನ ಚಿಪ್ ಬೇರೆ ಇರಬಹುದು. ಹಾಗಿದ್ದಾಗ ಲಾಗಿನ್ ನೋಡ್‌ನಲ್ಲಿ ‘ನೇಟಿವ್’ ಅಪಾಯ. ಓಡುವ ನೋಡ್‌ನ ಹೆಸರನ್ನೇ ಬರೆಯಿರಿ. ಬೆಂಗಳೂರಿನ ಐಐಎಸ್‌ಸಿಯಲ್ಲಿರುವ ಸೂಪರ್‌ಕಂಪ್ಯೂಟರ್ ಪರಮ್ ಪ್ರವೇಗದ ಸಿಪಿಯು ನೋಡ್‌ಗಳಲ್ಲಿರುವುದು ಇಂಟೆಲ್ ಕ್ಯಾಸ್ಕೇಡ್ ಲೇಕ್ ಜಿಯಾನ್. ಜಿಸಿಸಿ 9ರಿಂದ ಮುಂದೆ ಅದಕ್ಕೆ `-ಮಾರ್ಚ್=ಕ್ಯಾಸ್ಕೇಡ್‌ಲೇಕ್` ಅನ್ನುವ ಹೆಸರೇ ಇದೆ. ಇಲ್ಲವೇ ಬಿಲ್ಡ್ ಮಾಡುವ ಕೆಲಸವನ್ನೇ ಒಂದು ಜಾಬ್ ಆಗಿ ಕಂಪ್ಯೂಟ್ ನೋಡ್‌ಗೆ ಕಳಿಸಿ.

## ಲೆಪ್ಟೋನಿಕಾ ಮೊದಲು

ಟೆಸೆರಾಕ್ಟ್ ತಾನೊಂದೇ ಕೆಲಸ ಮಾಡುವುದಿಲ್ಲ. ಚಿತ್ರವನ್ನು ತೆರೆಯುವುದು, ಕಪ್ಪು ಬಿಳುಪು ಮಾಡುವುದು, ಓರೆಯನ್ನು ನೇರ ಮಾಡುವುದು ಇಂಥದ್ದಕ್ಕೆ ಲೆಪ್ಟೋನಿಕಾ ಅನ್ನುವ ಲೈಬ್ರರಿ (ಪುಸ್ತಕದ್ದಲ್ಲ, ಬೇರೆ ಪ್ರೋಗ್ರಾಂಗಳು ಬಳಸುವ ಕೋಡ್‌ನ ಸಂಗ್ರಹ) ಬೇಕು. ಲೆಪ್ಟೋನಿಕಾ ಸಿ ಭಾಷೆಯಲ್ಲಿದೆ, ಟೆಸೆರಾಕ್ಟ್ ಸಿ++ನಲ್ಲಿದೆ. ಇದು ಇಲ್ಲಿ ಯಾಕೆ ಮುಖ್ಯ ಅಂದರೆ, ಸಿ ಕೋಡ್‌ಗೆ ಫ್ಲ್ಯಾಗ್ ಹೋಗುವುದು ‘ಸಿಫ್ಲ್ಯಾಗ್ಸ್’ ಮೂಲಕ, ಸಿ++ಗೆ ‘ಸಿಎಕ್ಸ್‌ಎಕ್ಸ್‌ಫ್ಲ್ಯಾಗ್ಸ್’ ಮೂಲಕ. ಎರಡೂ ದೊಡ್ಡ ಅಕ್ಷರಗಳಲ್ಲಿ. ಟೆಸೆರಾಕ್ಟ್‌ಗೆ ‘ಸಿಫ್ಲ್ಯಾಗ್ಸ್’ ಮಾತ್ರ ಕೊಟ್ಟರೆ ಯಾವ ದೂರೂ ಬರುವುದಿಲ್ಲ, ಬಿಲ್ಡ್ ಚೆನ್ನಾಗಿ ಮುಗಿಯುತ್ತದೆ, ಫ್ಲ್ಯಾಗ್ ಮಾತ್ರ ಎಲ್ಲೂ ತಲುಪಿರುವುದಿಲ್ಲ.

ಲೆಪ್ಟೋನಿಕಾ ಸೋರ್ಸ್ ಬಿಚ್ಚಿ, ಅದರೊಳಗೆ ಬಿಲ್ಡ್‌ಗೆ ಬೇರೆಯೇ ಫೋಲ್ಡರ್ ಮಾಡಿ:

`ಎಂಕೆಡಿಐಆರ್ ಬಿಲ್ಡ್-ವಿ3`
`ಸಿಡಿ ಬಿಲ್ಡ್-ವಿ3`
`../ಕನ್ಫಿಗರ್ --ಪ್ರಿಫಿಕ್ಸ್=$ಹೋಮ್/ಓಸಿಆರ್-ವಿ3 ಸಿಫ್ಲ್ಯಾಗ್ಸ್="-ಓ2 -ಜಿ -ಮಾರ್ಚ್=ಎಕ್ಸ್86-64-ವಿ3"`
`ಮೇಕ್ -ಜೆ4`
`ಮೇಕ್ ಇನ್‌ಸ್ಟಾಲ್`

ಇದರಲ್ಲಿ ಮೂರು ಮಾತು. ಒಂದು, ‘ಸಿಫ್ಲ್ಯಾಗ್ಸ್’ ಕೊಟ್ಟ ಕೂಡಲೇ ಕನ್ಫಿಗರ್ (ಬಿಲ್ಡ್‌ಗೆ ಸಿದ್ಧ ಮಾಡುವ ಸ್ಕ್ರಿಪ್ಟ್) ತನ್ನದೇ ಆದ ‘-ಜಿ -ಓ2’ ಬಿಟ್ಟುಬಿಡುತ್ತದೆ. ‘-ಓ2’ ನೀವೇ ಬರೆಯದಿದ್ದರೆ ಆಪ್ಟಿಮೈಸೇಷನ್ (ವೇಗಕ್ಕಾಗಿ ಕೋಡ್ ತಿದ್ದುವುದು) ಇಲ್ಲದ ಕೋಡ್ ಬರುತ್ತದೆ. ಪ್ರೊಸೆಸರ್‌ಗೆ ತಕ್ಕ ಬಿಲ್ಡ್ ಮೊದಲಿನದಕ್ಕಿಂತ ಎಷ್ಟೋ ನಿಧಾನ ಆಯಿತು ಅಂತ ಯಾರಾದರೂ ಹೇಳಿದರೆ ನಾನು ಮೊದಲು ನೋಡುವುದು ಇದನ್ನೇ. ಎರಡು, ಫೋಲ್ಡರ್ ಬೇರೆ ಇದ್ದರೆ ಹಳೆ ಫ್ಲ್ಯಾಗ್‌ನಲ್ಲಿ ಆದ ಫೈಲುಗಳು ಹೊಸದರ ಜೊತೆ ಬೆರೆಯುವುದಿಲ್ಲ. ಮೂರು, ಪ್ರಿಫಿಕ್ಸ್ (ಇನ್‌ಸ್ಟಾಲ್ ಆಗುವ ಜಾಗ) ಮನೆ ಫೋಲ್ಡರ್‌ನೊಳಗೆ ಇರುವುದರಿಂದ ಸಿಸ್ಟಂನ ಟೆಸೆರಾಕ್ಟ್‌ಗೆ ಏನೂ ಆಗುವುದಿಲ್ಲ. ಬೇಡವಾದರೆ ಆ ಫೋಲ್ಡರ್ ಅಳಿಸಿದರೆ ಮುಗಿಯಿತು.

## ಈಗ ಟೆಸೆರಾಕ್ಟ್

ಗಿಟ್‌ನಿಂದ ತಂದ ಸೋರ್ಸ್ ಆದರೆ ಮೊದಲು `./ಆಟೋಜೆನ್.ಎಸ್‌ಎಚ್` ಓಡಿಸಿ. ಆಮೇಲೆ ಹಾಗೇ ಬೇರೆ ಫೋಲ್ಡರ್ ಮಾಡಿ:

`ಎಕ್ಸ್‌ಪೋರ್ಟ್ ಪಿಕೆಜಿ_ಕನ್ಫಿಗ್_ಪಾತ್=$ಹೋಮ್/ಓಸಿಆರ್-ವಿ3/ಲಿಬ್/ಪಿಕೆಜಿಕನ್ಫಿಗ್`
`../ಕನ್ಫಿಗರ್ --ಪ್ರಿಫಿಕ್ಸ್=$ಹೋಮ್/ಓಸಿಆರ್-ವಿ3 ಸಿಎಕ್ಸ್‌ಎಕ್ಸ್‌ಫ್ಲ್ಯಾಗ್ಸ್="-ಓ2 -ಜಿ -ಮಾರ್ಚ್=ಎಕ್ಸ್86-64-ವಿ3"`
`ಮೇಕ್ -ಜೆ4 ವಿ=1`
`ಮೇಕ್ ಇನ್‌ಸ್ಟಾಲ್`

ಮೊದಲ ಸಾಲು ಬಿಟ್ಟರೆ ಟೆಸೆರಾಕ್ಟ್ ನಿಮ್ಮ ಲೆಪ್ಟೋನಿಕಾ ಬಿಟ್ಟು ಸಿಸ್ಟಂನದ್ದಕ್ಕೆ ಜೋಡಿಕೊಂಡು ಕೂರಬಹುದು. ಹೋಮ್, ವಿ, ಪಿಕೆಜಿ ಇತ್ಯಾದಿ ದೊಡ್ಡ ಅಕ್ಷರ.

ಕನ್ನಡ ಡೇಟಾ ಫೈಲನ್ನು (ಹೆಸರು ‘ಕೆಎಎನ್’ ಇಂದ ಶುರುವಾಗುತ್ತದೆ) ಒಂದು ಫೋಲ್ಡರ್‌ನಲ್ಲಿಟ್ಟು, ‘ಟೆಸ್‌ಡೇಟಾ_ಪ್ರಿಫಿಕ್ಸ್’ ವೇರಿಯಬಲ್‌ಗೆ ಆ ಫೋಲ್ಡರ್‌ನ ದಾರಿ ಕೊಡಿ.

## ಫ್ಲ್ಯಾಗ್ ತಲುಪಿತಾ? ನಂಬಬೇಡಿ, ನೋಡಿ

‘ವಿ=1’ ಕೊಟ್ಟಿದ್ದು ಇದಕ್ಕೇ. ಅದು ಇಲ್ಲದಿದ್ದರೆ ಮೇಕ್ ಫೈಲಿನ ಹೆಸರನ್ನು ಮಾತ್ರ ತೋರಿಸುತ್ತದೆ. ಅದು ಇದ್ದರೆ ಕಂಪೈಲರ್‌ನ ಪೂರ್ತಿ ಸಾಲು ಬರುತ್ತದೆ. ಯಾವುದಾದರೂ ಒಂದು ಸಾಲು ಹಿಡಿದು ‘-ಮಾರ್ಚ್’ ಕಾಣುತ್ತದಾ ನೋಡಿ. ಎರಡು ಸಲ ಕಂಡರೆ ಕೊನೆಯದ್ದೇ ನಡೆಯುತ್ತದೆ.

ಆಗಿರುವ ಫೈಲಿನೊಳಗೂ ಇಣುಕಬಹುದು. ಎವಿಎಕ್ಸ್‌ನ 256 ಬಿಟ್ ರಿಜಿಸ್ಟರ್‌ಗಳ (ಚಿಪ್ ಲೆಕ್ಕ ಮಾಡುವಾಗ ಅಂಕಿ ಇಟ್ಟುಕೊಳ್ಳುವ ಜಾಗಗಳ) ಹೆಸರು ‘ವೈಎಂಎಂ’. ಸಾಧಾರಣ ಬಿಲ್ಡ್‌ನಲ್ಲಿ ಇರುವುದು 128 ಬಿಟ್‌ನ ‘ಎಕ್ಸ್‌ಎಂಎಂ’ ಮಾತ್ರ. ಲೆಪ್ಟೋನಿಕಾ ಲೈಬ್ರರಿ ಫೈಲಿನಲ್ಲಿ ಎಣಿಸಿ:

`ಆಬ್ಜ್‌ಡಂಪ್ -ಡಿ ಲೈಬ್ರರಿ-ಫೈಲ್ | ಗ್ರೆಪ್ -ಸಿ ವೈಎಂಎಂ`

ಸಾಧಾರಣ ಬಿಲ್ಡ್‌ನಲ್ಲಿ ಸೊನ್ನೆ ಬರಬೇಕು, ವಿ3ಯಲ್ಲಿ ಸಾಮಾನ್ಯವಾಗಿ ಸೊನ್ನೆಗಿಂತ ಜಾಸ್ತಿ. ಇದೇ ಪರೀಕ್ಷೆಯನ್ನು ಟೆಸೆರಾಕ್ಟ್ ಮೇಲೆ ಮಾಡಿದರೆ ಸಾಧಾರಣ ಬಿಲ್ಡ್‌ನಲ್ಲೂ ‘ವೈಎಂಎಂ’ ಸಿಗುತ್ತದೆ. ಗಾಬರಿ ಬೇಡ, ಕಾರಣ ಈಗ ಹೇಳುತ್ತೇನೆ.

ಕೊನೆಗೆ `ಎಲ್‌ಡಿಡಿ $ಹೋಮ್/ಓಸಿಆರ್-ವಿ3/ಬಿನ್/ಟೆಸೆರಾಕ್ಟ್` ಕೊಟ್ಟು, ಲೆಪ್ಟೋನಿಕಾ ಸಾಲಿನಲ್ಲಿ ನಿಮ್ಮ ಫೋಲ್ಡರ್‌ನ ದಾರಿ ಇದೆಯಾ ನೋಡಿ.

## ಟೆಸೆರಾಕ್ಟ್ ಮೊದಲೇ ಮಾಡಿಟ್ಟಿರುವ ಕೆಲಸ

`ಟೆಸೆರಾಕ್ಟ್ --ವರ್ಷನ್` ಓಡಿಸಿ. ಆವೃತ್ತಿಯ ಕೆಳಗೆ ‘ಫೌಂಡ್ ಎವಿಎಕ್ಸ್2’, ‘ಫೌಂಡ್ ಎಫ್‌ಎಂಎ’, ‘ಫೌಂಡ್ ಎಸ್‌ಎಸ್‌ಇ4.1’ ಅಂತ ಸಾಲುಗಳು ಬರುತ್ತವೆ. ಇವು ಬಿಲ್ಡ್ ಮಾಡಿದ ಮಷೀನ್‌ನ ವಿವರ ಅಲ್ಲ, ಈಗ ಓಡುತ್ತಿರುವ ಮಷೀನ್‌ನದ್ದು. ಅಕ್ಷರ ಗುರುತಿಸುವ ನ್ಯೂರಲ್ ನೆಟ್‌ವರ್ಕ್‌ನ ಭಾರವಾದ ಗುಣಾಕಾರಗಳಿಗೆ ಟೆಸೆರಾಕ್ಟ್ ಬೇರೆ ಬೇರೆ ಚಿಪ್‌ಗಳಿಗೆ ಬೇರೆ ಬೇರೆ ಕೋಡ್ ಒಳಗೇ ಇಟ್ಟುಕೊಂಡಿದೆ. ಶುರುವಾಗುವಾಗ ಚಿಪ್ ನೋಡಿ ಸರಿಯಾದದ್ದನ್ನು ಆರಿಸುತ್ತದೆ. ‘ವೈಎಂಎಂ’ ಸಿಕ್ಕಿದ್ದು ಅದಕ್ಕೇ.

ಇದರ ಅರ್ಥ ದೊಡ್ಡದು. ಎವಿಎಕ್ಸ್2ನಿಂದ ಆಗಬಹುದಾದ ಲಾಭದ ದೊಡ್ಡ ಪಾಲು ಯಾವ ಫ್ಲ್ಯಾಗ್ ಇಲ್ಲದೆಯೂ ನಿಮಗೆ ಸಿಕ್ಕಿಬಿಟ್ಟಿದೆ. ‘-ಮಾರ್ಚ್’ ಉಳಿದ ಕೋಡ್‌ಗೆ ಮಾತ್ರ ನೆರವಾಗುತ್ತದೆ. ವಿಡಿಯೊ ಪರಿವರ್ತಿಸುವ ಎಫ್‌ಎಫ್‌ಎಂಪೆಗ್, ಪೈಥಾನ್‌ನಲ್ಲಿ ಲೆಕ್ಕ ಮಾಡುವ ನಂಪೈ ಇವುಗಳ ಕಥೆಯೂ ಹೀಗೇ. ಮ್ಯಾಟ್ರಿಕ್ಸ್ ಲೆಕ್ಕದ ಲೈಬ್ರರಿ ಓಪನ್‌ಬ್ಲಾಸ್‌ನಲ್ಲಿ ಇದನ್ನು ‘ಡೈನಮಿಕ್_ಆರ್ಚ್=1’ ಅಂತ ಕೇಳಿ ಪಡೆಯಬಹುದು. ಹಾಗಾಗಿ ಯಾವುದೇ ಸಾಫ್ಟ್‌ವೇರ್‌ಗೆ ಫ್ಲ್ಯಾಗ್ ಹಾಕುವ ಮೊದಲು, ಅದು ತಾನೇ ಚಿಪ್ ನೋಡಿ ಆರಿಸುತ್ತದಾ ಅಂತ ಅದರ ಬಿಲ್ಡ್ ಟಿಪ್ಪಣಿಯಲ್ಲಿ ಓದಿ. ನೀವೇ ಬರೆದ ಲೆಕ್ಕದ ಪ್ರೋಗ್ರಾಂಗಳು, ಉದ್ದ ಲೂಪ್‌ಗಳಿರುವ ಸಿಮ್ಯುಲೇಷನ್‌ಗಳು, ಇವುಗಳಿಗೆ ಫ್ಲ್ಯಾಗ್‌ನಿಂದ ಜಾಸ್ತಿ ಉಪಯೋಗ.

## ಅಳೆಯಿರಿ

ಸಾಧಾರಣ ಬಿಲ್ಡ್ ಒಂದನ್ನೂ ಬೇರೆ ಪ್ರಿಫಿಕ್ಸ್‌ನಲ್ಲಿ ಮಾಡಿಟ್ಟುಕೊಳ್ಳಿ. ಅದೇ ಹತ್ತು ಪುಟಗಳನ್ನು ಎರಡಕ್ಕೂ ಕೊಡಿ:

`ಟೈಮ್ ಓಎಂಪಿ_ಥ್ರೆಡ್_ಲಿಮಿಟ್=1 $ಹೋಮ್/ಓಸಿಆರ್-ವಿ3/ಬಿನ್/ಟೆಸೆರಾಕ್ಟ್ ಪುಟ.ಪಿಎನ್‌ಜಿ ಔಟ್ -ಎಲ್ ಕೆಎಎನ್`

ಥ್ರೆಡ್ ಒಂದಕ್ಕೆ ಕಟ್ಟಿಹಾಕದಿದ್ದರೆ ಅಂಕಿ ಒಂದೊಂದು ಸಲ ಒಂದೊಂದು ಬರುತ್ತದೆ. ಮೊದಲ ಓಟ ಲೆಕ್ಕಕ್ಕೆ ಬೇಡ, ಅದರಲ್ಲಿ ಡಿಸ್ಕ್‌ನಿಂದ ಓದುವ ಸಮಯ ಸೇರಿರುತ್ತದೆ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿ. ಐದು ಸಲವಾದರೂ ಓಡಿಸಿ. ಎರಡು ಬಿಲ್ಡ್‌ಗಳ ನಡುವಿನ ವ್ಯತ್ಯಾಸ ಒಂದೇ ಬಿಲ್ಡ್‌ನ ಐದು ಓಟಗಳ ನಡುವಿನ ವ್ಯತ್ಯಾಸಕ್ಕಿಂತ ಚಿಕ್ಕದಿದ್ದರೆ ಲಾಭ ಆಗಿಲ್ಲ ಅಂತಲೇ ಲೆಕ್ಕ. ಸಾಧಾರಣ ಬಿಲ್ಡ್ ಇಟ್ಟುಕೊಳ್ಳಿ.

ಸಮಯದ ಜೊತೆ ಪಠ್ಯವನ್ನೂ ಹೋಲಿಸಿ. `ಡಿಫ್` ಸಾಕು. ಎಫ್‌ಎಂಎ ಗುಣಾಕಾರ ಮತ್ತು ಕೂಡುವುದನ್ನು ಒಂದೇ ಏಟಿಗೆ ಮಾಡಿ ಒಂದೇ ಸಲ ರೌಂಡ್ ಮಾಡುತ್ತದೆ. ಬೇರೆ ಬೇರೆ ಮಾಡಿದರೆ ಎರಡು ಸಲ ರೌಂಡ್ ಆಗುತ್ತದೆ. ಕೊನೆಯ ಬಿಟ್ ಬೇರೆಯಾಗಬಹುದು. ವಿ3 ಕೊಟ್ಟರೆ ಜಿಸಿಸಿ ಕೇಳದೆಯೇ ಹೀಗೆ ಜೋಡಿಸುತ್ತದೆ. ಮಸುಕಾದ ಮುದ್ರಣದಲ್ಲಿ ‘ರ’ ಮತ್ತು ‘ಠ’ ನಡುವೆ ತೂಗಾಡುತ್ತಿರುವ ಜಾಗದಲ್ಲಿ ಆ ಒಂದು ಬಿಟ್ ಅಪರೂಪಕ್ಕೆ ಅಕ್ಷರವನ್ನೇ ಬದಲಿಸಬಹುದು. ಉತ್ತರ ಎಲ್ಲ ಕಡೆ ಒಂದೇ ಇರಬೇಕಾದ ನಿಮ್ಮದೇ ಲೆಕ್ಕದ ಪ್ರೋಗ್ರಾಂ ಆದರೆ `-ಎಫ್‌ಎಫ್‌ಪಿ-ಕಾಂಟ್ರ್ಯಾಕ್ಟ್=ಆಫ್` ಸೇರಿಸಿ.

‘-ಓಫಾಸ್ಟ್’, ‘-ಎಫ್‌ಫಾಸ್ಟ್-ಮ್ಯಾಥ್’ ಇವನ್ನು ಇದರ ಜೊತೆ ಬೆರೆಸಬೇಡಿ. ಅವು ಪ್ರೊಸೆಸರ್‌ನ ವಿಷಯವೇ ಅಲ್ಲ, ಲೆಕ್ಕದ ನಿಯಮವನ್ನೇ ಸಡಿಲಿಸುತ್ತವೆ.

## ಕೆಟ್ಟಾಗ ಪತ್ತೆ ಹಚ್ಚುವುದು

‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಬಂದರೆ ಎಕ್ಸಿಟ್ ಕೋಡ್ 132 ಇರುತ್ತದೆ: 128ಕ್ಕೆ ಸಿಗ್ನಲ್ 4 ಸೇರಿ. ಸ್ಕ್ರಿಪ್ಟ್‌ನಲ್ಲಿ ಈ ಸಂಖ್ಯೆ ಕಂಡರೆ ಬೇರೆ ಕಡೆ ಹುಡುಕಬೇಡಿ. `ಡಿಮೆಸೇಜ್` ಆದೇಶದ (ಟೈಪ್ ಮಾಡುವುದು ಡಿ, ಎಂ, ಇ, ಎಸ್, ಜಿ) ಕೊನೆಯಲ್ಲಿ ‘ಇನ್‌ವ್ಯಾಲಿಡ್ ಆಪ್‌ಕೋಡ್’ ಅನ್ನುವ ಸಾಲಿರುತ್ತದೆ. ಯಾವ ಲೈಬ್ರರಿಯೊಳಗೆ ಸತ್ತಿತು ಅನ್ನುವುದೂ ಅಲ್ಲೇ ಇರುತ್ತದೆ. ಟೆಸೆರಾಕ್ಟ್ ಸರಿಯಾಗಿದ್ದು ಲೆಪ್ಟೋನಿಕಾ ಮಾತ್ರ ತಪ್ಪು ಹಂತದಲ್ಲಿ ಬಿಲ್ಡ್ ಆಗಿದ್ದರೆ ಇಲ್ಲಿ ಗೊತ್ತಾಗುತ್ತದೆ.

ಇನ್ನೂ ಹತ್ತಿರದಿಂದ ನೋಡಬೇಕೆಂದರೆ ಜಿಡಿಬಿ (ತಪ್ಪು ಹುಡುಕಲು ಪ್ರೋಗ್ರಾಂ ನಿಲ್ಲಿಸಿ ನೋಡುವ ಉಪಕರಣ) ಒಳಗೆ ಓಡಿಸಿ, ನಿಂತಾಗ `ಎಕ್ಸ್/ಐ $ಪಿಸಿ` ಕೊಡಿ. ಚಿಪ್‌ಗೆ ಗೊತ್ತಿಲ್ಲದ ಆ ಇನ್‌ಸ್ಟ್ರಕ್ಷನ್‌ನ ಹೆಸರು ಬರುತ್ತದೆ. ‘ವಿ’ ಅಕ್ಷರದಿಂದ ಶುರುವಾದರೆ ಹೆಚ್ಚಾಗಿ ಎವಿಎಕ್ಸ್ ಕುಟುಂಬ. ‘ಎಸ್‌ಎಚ್‌ಎಲ್‌ಎಕ್ಸ್’, ‘ಆಂಡ್‌ಎನ್’ ಥರದ್ದಾದರೆ ಬಿಎಂಐ.

## ಆರ್ಮ್ ಚಿಪ್ ಆದರೆ

ರಾಸ್ಪ್‌ಬೆರಿ ಪೈ ಇಟ್ಟುಕೊಂಡವರಿಗೆ ನಿಯಮ ಬೇರೆ. 64 ಬಿಟ್ ಆರ್ಮ್‌ನಲ್ಲಿ ‘-ಎಂಸಿಪಿಯು’ ಒಂದೇ ಅನುಮತಿಯನ್ನೂ ಟ್ಯೂನಿಂಗನ್ನೂ ಎರಡನ್ನೂ ಹೇಳುತ್ತದೆ. ಪೈ 4ಕ್ಕೆ `-ಎಂಸಿಪಿಯು=ಕಾರ್ಟೆಕ್ಸ್-ಎ72`, ಪೈ 5ಕ್ಕೆ `-ಎಂಸಿಪಿಯು=ಕಾರ್ಟೆಕ್ಸ್-ಎ76`. ಪೈ 5ರಲ್ಲಿರುವ ಎಇಎಸ್ ಇನ್‌ಸ್ಟ್ರಕ್ಷನ್‌ಗಳು ಪೈ 4ರಲ್ಲಿಲ್ಲ, ಆದ್ದರಿಂದ ಎರಡಕ್ಕೂ ಬೇಕಾದರೆ ಎ72ರಲ್ಲೇ ನಿಲ್ಲಿ. ಎಕ್ಸ್86ರ ಜಿಸಿಸಿಯಲ್ಲಿ ‘-ಎಂಸಿಪಿಯು’ ಅನ್ನುವುದು ‘-ಎಂಟ್ಯೂನ್’ನ ಹಳೆಯ ಹೆಸರು ಮಾತ್ರ. ಅಲ್ಲಿ ಅದನ್ನು ಬಳಸಬೇಡಿ.

ಬೇರೆ ಉಪಕರಣಗಳಲ್ಲಿ ಇದೇ ಮಾತನ್ನು ಹೇಳುವ ದಾರಿಗಳೂ ಇವೆ. ಸಿಮೇಕ್‌ನಲ್ಲಿ ‘-ಡಿಸಿಮೇಕ್_ಸಿ_ಫ್ಲ್ಯಾಗ್ಸ್’ ಮತ್ತು ಅದರ ಸಿಎಕ್ಸ್‌ಎಕ್ಸ್ ಜೋಡಿ. ರಸ್ಟ್‌ನಲ್ಲಿ ‘ರಸ್ಟ್‌ಫ್ಲ್ಯಾಗ್ಸ್’ ವೇರಿಯಬಲ್‌ಗೆ ‘-ಸಿ ಟಾರ್ಗೆಟ್-ಸಿಪಿಯು=ನೇಟಿವ್’ (ಮೊದಲ ಸಿ ದೊಡ್ಡ ಅಕ್ಷರ). ಗೋ ಭಾಷೆಯಲ್ಲಿ 1.18ರಿಂದ ‘ಗೋಎಎಂಡಿ64=ವಿ3’. ಜೆಂಟೂ ಬಳಸುವವರು ಮೇಕ್.ಕಾನ್ಫ್ ಫೈಲಿನ ‘ಕಾಮನ್_ಫ್ಲ್ಯಾಗ್ಸ್’ನಲ್ಲಿ ಒಮ್ಮೆ ಬರೆದರೆ ಸಾಕು, ಆದರೆ ಆ ಡಿಸ್ಕನ್ನು ಬಿಚ್ಚಿ ಹಳೆ ಮಷೀನ್‌ಗೆ ಹಾಕಿದರೆ ಬೂಟ್ ಆಗದೇ ಹೋಗಬಹುದು.

ಲೈಬ್ರರಿಯ ಲ್ಯಾಪ್‌ಟಾಪ್‌ಗೆ ನಾನು ಕೊನೆಗೆ ಮಾಡಿದ್ದು ವಿ2 ಬಿಲ್ಡ್. ಲೆಪ್ಟೋನಿಕಾವನ್ನೂ ಮತ್ತೆ ಮಾಡಬೇಕಾಯಿತು, ಪ್ರಿಫಿಕ್ಸ್ ಫೋಲ್ಡರ್‌ಗೆ ‘ಓಸಿಆರ್-ವಿ2’ ಅಂತಲೇ ಹೆಸರಿಟ್ಟೆ. ಅದರೊಳಗೆ ಒಂದು ಸಣ್ಣ ಪಠ್ಯ ಫೈಲ್: ಜಿಸಿಸಿಯ ಆವೃತ್ತಿ, ಎರಡೂ ಕನ್ಫಿಗರ್ ಸಾಲುಗಳು, ಬಿಲ್ಡ್ ಮಾಡಿದ ತಾರೀಕು. ‘ಟೆಸೆರಾಕ್ಟ್ --ವರ್ಷನ್’ ಕೊಟ್ಟಾಗ ಈ ಸಲ ‘ಫೌಂಡ್ ಎಸ್‌ಎಸ್‌ಇ4.1’ ಅಂತ ಬಂತು, ಎವಿಎಕ್ಸ್ ಹೆಸರು ಎಲ್ಲೂ ಇರಲಿಲ್ಲ. ಆಮೇಲೆ ಮೊದಲ ಪುಟ ಕೊಟ್ಟೆವು, ಪಠ್ಯ ಬಂತು.